ಇಸಿಜಿ ವರದಿಯಲ್ಲಿ ‘ಅಬ್‌ನಾರ್ಮಲ್’ ಎಂದರೇನು?

ಎದೆ, ಕೈ, ಕಾಲುಗಳಿಗೆ ಹಚ್ಚಿದ 10 ಎಲೆಕ್ಟ್ರೋಡ್‌ಗಳ ಮೂಲಕ ಹೃದಯದ ವಿದ್ಯುತ್ ಚಟುವಟಿಕೆಯನ್ನು 12 ದಿಕ್ಕುಗಳಿಂದ ದಾಖಲಿಸುವ ಇಸಿಜಿ ಯಂತ್ರವು ಈಗ ಗೆರೆಗಳನ್ನು ಮುದ್ರಿಸುವುದಲ್ಲದೆ, ಅವುಗಳನ್ನು ತಾನೇ ಅಳೆದು, ಹಾಳೆಯ ಮೇಲ್ಭಾಗದಲ್ಲಿ ತನ್ನ ಅಭಿಪ್ರಾಯವನ್ನೂ ನಮೂದಿಸುತ್ತದೆ. ‘ಅಬ್‌ನಾರ್ಮಲ್ ಇಸಿಜಿ’ ಎಂಬ ಸಾಲು ಹುಟ್ಟುವುದು ಅಲ್ಲಿಯೇ. ಯಾವುದೋ ಒಂದು ಅಳತೆ ಅಥವಾ ಅಲೆಯ ಆಕಾರ ತಂತ್ರಾಂಶಕ್ಕೆ ಕೊಟ್ಟಿರುವ ಮಿತಿಯನ್ನು ದಾಟಿದೆ ಎಂಬುದಷ್ಟೇ ಅದರ ಅರ್ಥ. ಹೃದ್ರೋಗ ಖಚಿತವಾಯಿತು ಎಂದಲ್ಲ.

ವಯಸ್ಕರಲ್ಲಿ ನಿಮಿಷಕ್ಕೆ 60ರಿಂದ 100 ಬಡಿತ, 120ರಿಂದ 200 ಮಿಲಿಸೆಕೆಂಡಿನ ಪಿಆರ್ ಅಂತರ (ವಿದ್ಯುತ್ ಸಂಕೇತ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳನ್ನು ತಲುಪಲು ಹಿಡಿಯುವ ಸಮಯ), 120 ಮಿಲಿಸೆಕೆಂಡಿಗಿಂತ ಕಡಿಮೆ ಅಗಲದ ಕ್ಯುಆರ್‌ಎಸ್ (ಕೆಳಗಿನ ಕೋಣೆಗಳ ವಿದ್ಯುತ್ ಚಟುವಟಿಕೆಯನ್ನು ತೋರುವ ಅಲೆ), ಇವು ವಾಡಿಕೆಯ ಮಿತಿಗಳು. ಪಿಆರ್ 210 ಆದರೆ ಯಂತ್ರ ‘ಫಸ್ಟ್ ಡಿಗ್ರಿ ಎವಿ ಬ್ಲಾಕ್’ ಎನ್ನುತ್ತದೆ. ಹೆಸರು ಕೇಳಿದರೆ ರಕ್ತನಾಳ ಕಟ್ಟಿಕೊಂಡಿದೆಯೆಂದು ಯಾರಿಗಾದರೂ ಗಾಬರಿಯಾದೀತು. ವಾಸ್ತವದಲ್ಲಿ ಅದು ವಿದ್ಯುತ್ ಸಂಕೇತ ತುಸು ನಿಧಾನವಾಗಿ ಸಾಗಿರುವುದರ ಸೂಚನೆಯಾಗಿದ್ದು, ಬೇರೆ ತೊಂದರೆಯಿಲ್ಲದವರಿಗೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಾಗುವುದಿಲ್ಲ.

ಹೆಚ್ಚು ಕಂಗೆಡಿಸುವುದು ‘ಸೆಪ್ಟಲ್ ಇನ್‌ಫಾರ್ಕ್ಟ್, ಏಜ್ ಅನ್‌ಡಿಟರ್ಮಿನ್ಡ್’ ಎಂಬ ಒಕ್ಕಣೆ, ಅಂದರೆ ಎಂದೋ ಹೃದಯಾಘಾತ ಆಗಿಹೋಗಿರಬಹುದೆಂಬ ಊಹೆ. ವಿ-1, ವಿ-2 ಎಲೆಕ್ಟ್ರೋಡ್‌ಗಳನ್ನು ಎದೆಮೂಳೆಯ ಎರಡು ಬದಿಗೆ, ಪಕ್ಕೆಲುಬುಗಳ ನಡುವಿನ ನಾಲ್ಕನೆಯ ಸಂದಿನಲ್ಲಿ ಇಡಬೇಕು. ಅವಸರದಲ್ಲಿ ಅವನ್ನು ಎರಡನೆಯ ಸಂದಿಗೆ ಇಟ್ಟರೆ, ಅಲ್ಲಿ ಕಾಣಬೇಕಾದ ಪುಟ್ಟ ಆರ್ ಅಲೆ (ಕ್ಯುಆರ್‌ಎಸ್‌ನಲ್ಲಿ ಮೇಲೇಳುವ ಭಾಗ) ಕುಗ್ಗುತ್ತದೆ ಅಥವಾ ಮಾಯವಾಗುತ್ತದೆ. ಯಂತ್ರ ಅದನ್ನೇ ಹಳೆಯ ಆಘಾತದ ಗುರುತೆಂದು ಓದುತ್ತದೆ. ಹಾಗೆಯೇ, ಚಳಿಗೆ ಅಥವಾ ಪಾರ್ಕಿನ್‌ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದರೆ ಆ ಕಂಪನವೇ ಲಯದೋಷದಂತೆ ತೋರಬಹುದು. ಇವನ್ನೆಲ್ಲ ವಿವರಿಸದೆ ಹಾಳೆಯನ್ನು ರೋಗಿಯ ಕೈಗಿಟ್ಟು ಕಳುಹಿಸುವುದು ಸರಿಯಲ್ಲವೆಂದೇ ನನ್ನ ಭಾವನೆ.

ಹಾಗೆಂದು ಆ ಸಾಲನ್ನು ಕಡೆಗಣಿಸುವಂತೆಯೂ ಇಲ್ಲ. ಎದೆನೋವು, ಬೆವರು, ಉಸಿರಾಟದ ತೊಂದರೆಯ ಜೊತೆಗೆ ಎಸ್‌ಟಿ ಭಾಗ (ಕ್ಯುಆರ್‌ಎಸ್ ಮುಗಿದೊಡನೆ ಬರುವ ಗೆರೆ) ಮೇಲೆದ್ದಿದ್ದರೆ ಅದು ಒಂದು ಕ್ಷಣವೂ ಕಾಯಬಾರದ ತುರ್ತು. ಇನ್ನೊಂದೆಡೆ, ಹಾಳೆಯಲ್ಲಿ ‘ನಾರ್ಮಲ್’ ಎಂದಿದ್ದ ಮಾತ್ರಕ್ಕೆ ಹೃದಯಾಘಾತವಿಲ್ಲವೆನ್ನಲಾಗದು; ಆರಂಭದಲ್ಲಿ ಗೆರೆಗಳು ಬದಲಾಗದೆಯೂ ಇರಬಹುದಾದ್ದರಿಂದ, ನೋವು ಮುಂದುವರಿದರೆ ಇಸಿಜಿಯನ್ನು ಮತ್ತೆ ಮತ್ತೆ ತೆಗೆದು, ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಹೆಚ್ಚುವ ಟ್ರೋಪೋನಿನ್ ಎಂಬ ಪ್ರೋಟೀನನ್ನು ಪರೀಕ್ಷಿಸುತ್ತಾರೆ.

ಹಲವು ವರದಿಗಳಲ್ಲಿ ‘ಅನ್‌ಕನ್ಫರ್ಮ್ಡ್’ ಎಂಬ ಮಾತೂ ಇರುತ್ತದೆ: ವೈದ್ಯರು ಇನ್ನೂ ನೋಡಿ ಒಪ್ಪಿಲ್ಲ ಎಂದರ್ಥ. ಅವರು ರೋಗಿಯ ವಯಸ್ಸು, ಲಕ್ಷಣಗಳು, ಸೇವಿಸುತ್ತಿರುವ ಔಷಧಿಗಳನ್ನು ಗಮನಿಸಿ, ಬೇಕೆನಿಸಿದರೆ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಹಿಂದಿನ ಇಸಿಜಿಯೊಂದಿಗೆ ಹೋಲಿಸಿ ನೋಡುತ್ತಾರೆ, ಏಕೆಂದರೆ ವರ್ಷಗಳಿಂದ ಹಾಗೆಯೇ ಇರುವ ವ್ಯತ್ಯಾಸಕ್ಕೂ ಇಂದು ಹೊಸದಾಗಿ ಕಾಣಿಸಿಕೊಂಡದ್ದಕ್ಕೂ ತೂಕ ಬೇರೆ. ಇಸಿಜಿಯ ಥರ್ಮಲ್ ಕಾಗದದ ಮೇಲಿನ ಗೆರೆಗಳು ಕಾಲಕ್ರಮದಲ್ಲಿ ಮಾಸುವುದರಿಂದ, ತೆಗೆಸಿದ ದಿನವೇ ಅದರ ಜೆರಾಕ್ಸ್ ಪ್ರತಿಯೊಂದನ್ನು ಮಾಡಿಸಿ ಇಟ್ಟುಕೊಳ್ಳಬೇಕು.