ಆರ್ಚರ್ ನಿಜವಾಗಿಯೂ ನಡೆದುಕೊಂಡು ಬಂತಾ?

ಆಸ್ಟ್ರೇಲಿಯಾದ ದೊಡ್ಡ ಕುದುರೆ ರೇಸ್ ಮೆಲ್ಬರ್ನ್ ಕಪ್ ನಡೆಯೋ ನವೆಂಬರ್ ಹತ್ತಿರ ಬಂದರೆ ಸಾಕು, ಇದೇ ಪ್ರಶ್ನೆ: "ಮೊದಲ ಮೆಲ್ಬರ್ನ್ ಕಪ್ ಗೆದ್ದ ಆರ್ಚರ್ ಕುದುರೆ ರೇಸಿಗೆ 800 ಕಿಲೋಮೀಟರ್ ನಡೆದುಕೊಂಡೇ ಬಂದಿತ್ತಂತೆ, ಹೌದಾ ಸರ್?"

ಇಲ್ಲ. ಹಡಗಿನಲ್ಲಿ ಬಂತು. ಎಷ್ಟು ಸಲ ಹೇಳಿದರೂ ಈ ಕಥೆ ಸಾಯುತ್ತಿಲ್ಲ, ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ.

ಆರ್ಚರ್ ಇದ್ದದ್ದು ನ್ಯೂ ಸೌತ್ ವೇಲ್ಸ್‌ನ ನೌರಾ ಹತ್ತಿರ, ಕುದುರೆ ತರಬೇತುದಾರ ಎಟಿಯೆನ್ ಡಿ ಮೆಸ್ಟ್ರೆ ಅವರ ಲಾಯದಲ್ಲಿ. ಅಲ್ಲಿಂದ ಮೆಲ್ಬರ್ನ್ ಅಂದರೆ ಬೆಂಗಳೂರಿಂದ ಬೀದರಿಗಿಂತ ಜಾಸ್ತಿ ದೂರ. ಗುಡ್ಡ ಹತ್ತಿಸಿ, ಹೊಳೆ ದಾಟಿಸಿ ಅಷ್ಟು ದೂರ ನಡೆಸಿದ ಕುದುರೆಯನ್ನು ಯಾರಾದರೂ ಎರಡು ಮೈಲಿ ಓಟಕ್ಕೆ ಇಳಿಸುತ್ತಾರಾ? ಗೊರಸು ಸವೆದು, ಮೈ ಇಳಿದು ಹೋಗಿರುತ್ತೆ. ನಡೆದದ್ದು ಇಷ್ಟು: 1861ರ ಸೆಪ್ಟೆಂಬರ್‌ನಲ್ಲಿ ಸಿಡ್ನಿಯಿಂದ ಹೊರಟ 'ಸಿಟಿ ಆಫ್ ಸಿಡ್ನಿ' ಎಂಬ ಉಗಿಹಡಗಿನಲ್ಲಿ ಆರ್ಚರ್ ಇತ್ತು. ಜೊತೆಗೆ ಡಿ ಮೆಸ್ಟ್ರೆ ಅವರ ಇನ್ನೆರಡು ಕುದುರೆ, ಎಕ್ಸಿಟರ್ ಮತ್ತು ಇನ್ಹೆರಿಟರ್. ರೇಸ್ ಇದ್ದದ್ದು ನವೆಂಬರ್ 7ಕ್ಕೆ. ಸುಧಾರಿಸಿಕೊಳ್ಳೋದಕ್ಕೆ, ತಾಲೀಮಿಗೆ ಬೇಕಾದಷ್ಟು ದಿನ ಸಿಕ್ಕಿತು. ಇನ್ನೊಂದು ಮಾತು. ಆ ಕಾಲದಲ್ಲಿ ಇದೇ ನ್ಯೂ ಸೌತ್ ವೇಲ್ಸ್‌ನಿಂದ ನಮ್ಮ ಮದ್ರಾಸಿಗೆ, ಕಲ್ಕತ್ತಕ್ಕೆ ಬ್ರಿಟಿಷ್ ಸೈನ್ಯಕ್ಕಾಗಿ ಕುದುರೆಗಳು ಹಡಗಿನಲ್ಲೇ ಬರುತ್ತಿದ್ದವು. ಅವಕ್ಕೆ 'ವೇಲರ್' ಅನ್ನೋ ಹೆಸರು ಬಂದದ್ದೇ ನ್ಯೂ ಸೌತ್ ವೇಲ್ಸ್‌ನಿಂದ. ಸಮುದ್ರ ದಾಟಿಸಿ ಇಂಡಿಯಾಕ್ಕೆ ಕಳಿಸೋರಿಗೆ ಪಕ್ಕದ ಮೆಲ್ಬರ್ನ್‌ಗೆ ಹಡಗು ಸಿಗಲಿಲ್ಲವಾ?

ಆರ್ಚರ್‌ನ ನಿಜವಾದ ಸಾಧನೆಗೆ ಈ ಕಥೆ ಬೇಕಾಗಿಯೇ ಇಲ್ಲ. ಆ ದಿನ 17 ಕುದುರೆ ಓಡಿದವು, ಮೂರು ಬಿದ್ದವು, ಎರಡು ಸತ್ತೇ ಹೋದವು. ಅಂಥ ಓಟದಲ್ಲಿ ಸ್ಥಳೀಯರ ಮೆಚ್ಚಿನ ಕುದುರೆ ಮಾರ್ಮನ್ ಅನ್ನು ಆರು ಲೆಂತ್ (ಅಂದರೆ ಆರು ಕುದುರೆಯ ಉದ್ದದಷ್ಟು) ಹಿಂದೆ ಹಾಕಿತು. 1862ರಲ್ಲಿ ಸವಾರ, ಜೀನು ಎಲ್ಲ ಸೇರಿ ಸುಮಾರು 64 ಕೆ.ಜಿ. ಹೊತ್ತು ಮತ್ತೆ ಗೆದ್ದಿತು.

ಹಾಗಾದರೆ ಮೂರನೇ ಸಲ ಏನಾಯ್ತು? ಯಾರೂ ಕೇಳೋದಿಲ್ಲ, ಆದರೆ ಕೇಳಬೇಕಾದ್ದು ಇದು. 1863ರಲ್ಲಿ ಡಿ ಮೆಸ್ಟ್ರೆ ತಂತಿ ಮೂಲಕ ಹೆಸರು ಖಚಿತಪಡಿಸಿದರು. ಮೆಲ್ಬರ್ನ್‌ನಲ್ಲಿ ಅವತ್ತು ಸರ್ಕಾರಿ ರಜೆ. ತಂತಿ ಕೈ ಸೇರುವಾಗ ಗಡುವು ಮುಗಿದಿತ್ತು. ಆರ್ಚರ್‌ಗೆ ಅವಕಾಶ ಕೊಡಲಿಲ್ಲ. ಸಿಟ್ಟಿಗೆದ್ದ ಹೊರಗಿನ ಮಾಲೀಕರು ತಮ್ಮ ಕುದುರೆಗಳನ್ನೂ ವಾಪಸ್ ತೆಗೆದುಕೊಂಡರು. ಆ ವರ್ಷ ಕಪ್‌ಗೆ ಓಡಿದ್ದು ಬರೀ 7 ಕುದುರೆ.