ಪ್ರತ್ಯಯ ನೋಡಿ ಭಾಷೆಗೆ ಅಂಕ ಕೊಟ್ಟ ಕಾಲ

ಟರ್ಕಿಯವರ ‘ಎವ್ಲೆರ್ದೆ’ ಅಂದರೆ ನಮ್ಮ ‘ಮನೆಗಳಲ್ಲಿ’. ಬಿಡಿಸಿ ನೋಡಿ: ಎವ್ ಅಂದರೆ ಮನೆ, ಲೆರ್ ಅಂದರೆ ಗಳು, ದೆ ಅಂದರೆ ಅಲ್ಲಿ. ಜೋಡಣೆ ಥೇಟ್ ಕನ್ನಡದ್ದೇ, ಆದರೂ ಎರಡು ಭಾಷೆಗಳ ನಡುವೆ ನಂಟು ಸಾಬೀತಾಗಿಲ್ಲ. ಸಂಸ್ಕೃತದ ‘ಗೃಹೇಷು’ವಿನಲ್ಲಿ ‘ಗಳು’ ಯಾವುದು, ‘ಅಲ್ಲಿ’ ಯಾವುದು ಅಂತ ಬೇರೆ ಮಾಡಲು ಬರುವುದಿಲ್ಲ. ಎರಡೂ ಒಂದೇ ಪ್ರತ್ಯಯದಲ್ಲಿ ಕರಗಿವೆ. ಚೀನೀ ಭಾಷೆಯ ದಾರಿಯೇ ಬೇರೆ. ನಾನು ಹೋದರೂ ಅವಳು ಹೋದರೂ ಕ್ರಿಯಾಪದದ ರೂಪ ಒಂದೇ. ಹೆಚ್ಚಿನ ಕೆಲಸವನ್ನೆಲ್ಲ ಬಿಡಿ ಪದಗಳು ಮತ್ತು ಅವುಗಳ ಕ್ರಮ ಮಾಡುತ್ತವೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಪ್ಯಾರಿಸ್ಸಿನಲ್ಲಿ ಸಂಸ್ಕೃತ ಕಲಿತ ಜರ್ಮನಿಯ ಫ್ರೀಡ್ರಿಶ್ ಶ್ಲೇಗೆಲ್ 1808ರಲ್ಲಿ ಒಂದು ಪುಸ್ತಕ ಬರೆದ. ಒಳಗಿನಿಂದಲೇ ರೂಪ ಬದಲಿಸುವ ಸಂಸ್ಕೃತದ ಧಾತು ಅವನಿಗೆ ಜೀವಂತ ಬೀಜ. ಪ್ರತ್ಯಯ ಅಂಟಿಸಿಕೊಳ್ಳುವ ಭಾಷೆಗಳು ಗಾಳಿಗೆ ಚೆದುರುವ ಕಣಗಳ ರಾಶಿ. ಹತ್ತು ವರ್ಷದ ನಂತರ ಅವನ ಅಣ್ಣ ಆಗಸ್ಟ್ ವಿಲ್‌ಹೆಲ್ಮ್ ಭಾಷೆಗಳನ್ನು ಮೂರು ಬಗೆ ಮಾಡಿದ: ಬಿಡಿ ಪದಗಳವು, ಅಂಟಿಸುವವು, ಕರಗಿಸುವವು. ಆಮೇಲೆ ಬಂದ ಜರ್ಮನಿಯ ಭಾಷಾಶಾಸ್ತ್ರಜ್ಞ ಶ್ಲೈಶರ್ ಈ ಮೂರನ್ನೂ ಬೆಳವಣಿಗೆಯ ಹಂತಗಳೆಂದ. ಚೀನೀ ಕೆಳಗೆ, ಟರ್ಕಿಯಂಥವು ನಡುವೆ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೇಲೆ. ಅಂಟಿಸುವ ಗುಂಪಿಗೆ ಸೇರುವ ಕನ್ನಡಕ್ಕೂ ಆ ಲೆಕ್ಕದಲ್ಲಿ ನಡುವಿನ ಜಾಗವೇ. ಜರ್ಮನ್ ಕೂಡ ಸಂಸ್ಕೃತದ ಬಳಗದ್ದೇ. ತಮ್ಮ ಭಾಷೆಯ ಬಳಗ ಮೇಲಿರುವಂತೆ ತಾವೇ ಹಾಕಿಕೊಂಡ ಲೆಕ್ಕ ಅದು, ಅಲ್ವಾ? ಆದರೆ ಅದೇ ಬಳಗದ ಇಂಗ್ಲಿಷ್ ಹಳೆಯ ಪ್ರತ್ಯಯಗಳಲ್ಲಿ ಹೆಚ್ಚಿನವನ್ನು ಉದುರಿಸಿಕೊಂಡು ಚೀನೀ ಕಡೆಗೇ ವಾಲಿತ್ತು. ಶ್ಲೈಶರ್ ಅದನ್ನು ಸವೆತ ಅಂದ.

ಈ ಲೆಕ್ಕವನ್ನು ಬಲವಾಗಿ ಅಲ್ಲಗಳೆದದ್ದು ಎಡ್ವರ್ಡ್ ಸಪೀರ್, 1921ರಲ್ಲಿ. ಅಮೆರಿಕದ ಮೂಲನಿವಾಸಿಗಳ ಭಾಷೆಗಳನ್ನು ಹತ್ತಿರದಿಂದ ಕೇಳಿ ಬರೆದುಕೊಂಡವನು ಅವನು. ಒಂದು ಪದದಲ್ಲಿ ಎಷ್ಟು ತುಂಡುಗಳಿವೆ, ಅವು ಎಷ್ಟು ಬಿಗಿಯಾಗಿ ಬೆಸೆದಿವೆ, ಇವು ಬೇರೆ ಬೇರೆ ಪ್ರಶ್ನೆಗಳೆಂದು ತೋರಿಸಿದ. 1954ರಲ್ಲಿ ಅಮೆರಿಕದ ಭಾಷಾಶಾಸ್ತ್ರಜ್ಞ ಜೋಸೆಫ್ ಗ್ರೀನ್‌ಬರ್ಗ್ ಎಣಿಸಿಯೇ ಬಿಟ್ಟ. ಪದಕ್ಕೆ ಸರಾಸರಿ ಇಷ್ಟು ತುಂಡು: ವಿಯೆಟ್ನಾಮೀಸ್ 1.06, ಇಂಗ್ಲಿಷ್ 1.68, ಸಂಸ್ಕೃತ 2.59, ಎಸ್ಕಿಮೊ 3.72. ಪದ ತುಂಬಿದಷ್ಟೂ ಭಾಷೆ ದೊಡ್ಡದು ಅನ್ನುವುದಾದರೆ ಎಸ್ಕಿಮೊ ಸಂಸ್ಕೃತಕ್ಕಿಂತ ಎಷ್ಟೋ ಮೇಲಿರಬೇಕಿತ್ತು.

ಕನ್ನಡವೂ ಒಂದೇ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ‘ಬರು’ ಹೋಗಿ ‘ಬಂದ’ ಆಗುತ್ತದೆ, ‘ಕೊಡು’ ಹೋಗಿ ‘ಕೊಟ್ಟ’. ‘ಬಂದಳು’ ಅನ್ನುವಾಗ ಆ ‘ಅಳು’ ಹೆಣ್ಣು, ಒಬ್ಬಳು, ನಾನೂ ಅಲ್ಲ ನೀನೂ ಅಲ್ಲ ಅಂತ ಮೂರನ್ನೂ ಒಟ್ಟಿಗೇ ಹೇಳುತ್ತದೆ. ಇದು ಅಂಟಿಸಿದ್ದಲ್ಲ, ಕರಗಿಸಿದ್ದು.

ಇನ್ನೊಂದು ಭಾಷೆಯ ಅಳತೆಗೋಲು ನಮ್ಮಲ್ಲೂ ಇದೆ. ಸಂಸ್ಕೃತದ ಪಟ್ಟಿಗೆ ಹೊಂದಿಸಲು ನಮ್ಮ ವ್ಯಾಕರಣ ಪಂಚಮಿ ವಿಭಕ್ತಿಗೆ, ಅಂದರೆ ಎಲ್ಲಿಂದ ಅಂತ ಹೇಳಲು, ‘ದೆಸೆಯಿಂದ’ ಅಂತ ಬೇರೆ ಪ್ರತ್ಯಯ ಕೊಟ್ಟಿತು. ಕತ್ತಿಯಿಂದ ಕಡಿದ, ಮರದಿಂದ ಹಣ್ಣು ಬಿತ್ತು: ಎರಡಕ್ಕೂ ನಾವು ಬಳಸುವುದು ‘ಇಂದ’ ಒಂದೇ. ಮರದ ದೆಸೆಯಿಂದ ಹಣ್ಣು ಬಿತ್ತು ಅಂತ ಯಾರೂ ಮಾತಾಡುವುದಿಲ್ಲ. ಮಕ್ಕಳಿಂದ ಆ ವಿಭಕ್ತಿ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು ಅವರು ಆಡುವ ಕನ್ನಡವನ್ನೇ ಬಿಡಿಸಿ ತೋರಿಸಬೇಕು.