ಯಕ್ಷಗಾನದ ಚಿತ್ರೀಕರಣ: ಚಂಡೆ ಎಲ್ಲಿ ಹೋಯಿತು?

ಯಕ್ಷಗಾನದ ಮೇಲೆ ಚಿತ್ರ ಮಾಡಹೊರಟ ಸಣ್ಣ ತಂಡಗಳು ದುಡ್ಡನ್ನೆಲ್ಲ ಕ್ಯಾಮೆರಾ, ಲೆನ್ಸಿಗೆ ಸುರಿಯುತ್ತವೆ. ಧ್ವನಿಗೆ ಬಂದಾಗ ‘ಮೈಕಿನವರ ಹತ್ತಿರ ಒಂದು ವಯರ್ ತಗೊಂಡರಾಯಿತು’ ಎಂಬ ಉಡಾಫೆ. ಎಡಿಟಿಂಗಿಗೆ ಕೂತಾಗ ನೋಡಿದರೆ ಚಂಡೆಯೇ ಇಲ್ಲ! ಬಯಲಿಗೆಲ್ಲ ತಾನಾಗಿ ಕೇಳುವ ಚಂಡೆಯನ್ನು ಮಿಕ್ಸರ್‌ನಲ್ಲಿ ತಗ್ಗಿಸಿಯೇ ಇಟ್ಟಿರುತ್ತಾರೆ. ಅಲ್ಲಿಂದ ಸಿಗುವುದು ಭಾಗವತರ ಪದ, ವೇಷಧಾರಿಗಳ ಮಾತು, ಅಷ್ಟೆ.

ವಯರ್ ಬೇಡವೆಂದಲ್ಲ. ಅದರಲ್ಲಿ ಬರುವುದು ಲೈನ್ ಮಟ್ಟದ, ಅಂದರೆ ಮೈಕಿನದಕ್ಕಿಂತ ಬಹಳ ಜೋರಾದ ಸಿಗ್ನಲ್. ರೆಕಾರ್ಡರನ್ನು ಮೈಕ್ ಮಟ್ಟದಲ್ಲೇ ಬಿಟ್ಟರೆ ಪದವೆಲ್ಲ ಒಡೆಯುತ್ತದೆ. ಜೊತೆಗೆ ಹಾಡು, ವಾದ್ಯದ ಹಿಮ್ಮೇಳಕ್ಕೆ ನಮ್ಮದೇ ಎರಡು ಮೈಕು, ಮದ್ದಳೆಗೆ ಪ್ರತ್ಯೇಕ ಒಂದು, ಸಭೆಯ ಕಡೆಗೊಂದು. ಚಂಡೆ ಹತ್ತಿರದ ಮೈಕಿಗೆ 20 ಡಿಬಿ ಪ್ಯಾಡ್ (ಸಿಗ್ನಲ್ ಮಟ್ಟ ತಗ್ಗಿಸುವ ಸೌಲಭ್ಯ) ಹಾಕಿ. ಅತಿ ಜೋರಿನ ಸದ್ದನ್ನೂ ಒಡೆಯದೆ ಹಿಡಿಯುವ 32 ಬಿಟ್ ಫ್ಲೋಟ್ ರೆಕಾರ್ಡರ್ ಇದೆಯೆಂದು ಮೈಮರೆಯಬೇಡಿ. ಮೈಕಿನೊಳಗೇ ಒಡೆದ ಸದ್ದನ್ನು ಯಾವ ರೆಕಾರ್ಡರೂ ಸರಿಮಾಡದು. ಪೂರ್ವರಂಗದ ಸದ್ದಿಗೆ ಮಟ್ಟ ಹೊಂದಿಸಿ ಕೈತೊಳೆದುಕೊಂಡರೆ ಆಮೇಲೆ ಬರುವ ಯುದ್ಧದ ಅಬ್ಬರದ ಏರುಪದ ಹಾಳು.

ಕ್ಯಾಮೆರಾ ಮೂರು ಸಾಕು. ಒಂದು ಇಡೀ ರಂಗಸ್ಥಳವನ್ನು ಕಾಲಿನ ಗೆಜ್ಜೆಯವರೆಗೂ ಹಿಡಿದು, ಅಲುಗದೆ, ಬೆಳಗಿನವರೆಗೆ ಓಡುತ್ತಿರಬೇಕು. ತೆಂಕುತಿಟ್ಟಿನ ಧಿಗಿಣವನ್ನು (ಹಾರಿ ಗಿರಕಿ ಹೊಡೆಯುವ ಕುಣಿತ) ಕ್ಲೋಸಪ್ಪಿನಲ್ಲಿ ತೋರಿಸುವವರಿದ್ದಾರೆ. ಕಿರೀಟ ಅತ್ತಿತ್ತ ಹಾರಿದ್ದು ಬಿಟ್ಟರೆ ಅದರಲ್ಲಿ ಏನೂ ಕಾಣದು. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ನಮ್ಮ 50 ಹರ್ಟ್ಸ್ ಕರೆಂಟಿನ ದೀಪ ಮಿನುಗುವುದಿಲ್ಲ. ಅಗ್ಗದ ಎಲ್‌ಇಡಿಗೆ ಮಾತ್ರ ಈ ಭರವಸೆ ಇಲ್ಲ, ಮೊದಲೇ ಉರಿಸಿ ನೋಡಿ. ರಕ್ಕಸ ಪಾತ್ರಗಳ ಬಣ್ಣದ ವೇಷವಿದ್ದರೆ ಎಕ್ಸ್‌ಪೋಶರ್ ಅಳೆಯಬೇಕಾದದ್ದು ಮುಖದ ಮೇಲೆ ಮುಳ್ಳಿನಂತೆ ಇಟ್ಟ ಬಿಳಿ ಚುಟ್ಟಿಗೆ.

ಸೆಕೆಂಡಿಗೆ 100 ಮೆಗಾಬಿಟ್ (ಎಂಬಿಪಿಎಸ್) ದರದಲ್ಲಿ ಚಿತ್ರೀಕರಿಸಿದರೆ ಗಂಟೆಗೆ 45 ಜಿಬಿ ಜಾಗ ಬೇಕು. ಮೂರು ಕ್ಯಾಮೆರಾ, ಎಂಟು ಗಂಟೆಗೆ 1,080 ಜಿಬಿ. ಎರಡು ಪ್ರತಿ ಬೇಕು, ಡಿಸ್ಕು ಅದರ ದುಪ್ಪಟ್ಟು. ಮೂರರ ಕಾರ್ಡೂ ಒಟ್ಟಿಗೇ ತುಂಬದಂತೆ ಹದಿನೈದು ನಿಮಿಷದ ಅಂತರದಲ್ಲಿ ಶುರುಮಾಡಿ. ಟೈಮ್‌ಕೋಡ್ (ಕ್ಯಾಮೆರಾ, ರೆಕಾರ್ಡರುಗಳಿಗೆಲ್ಲ ಒಂದೇ ಗಡಿಯಾರ) ಕೂಡಿಸದಿದ್ದರೆ ರಾತ್ರಿ ಕಳೆಯುವಷ್ಟರಲ್ಲಿ ಚಿತ್ರ, ಧ್ವನಿ ಕೆಲವು ಫ್ರೇಮ್ ಜರುಗಿರುತ್ತವೆ. 14 ಮೀಟರ್ ಹಿಂದಿನ ಕ್ಯಾಮೆರಾದ ಮೈಕಿಗೆ ಸದ್ದು ತಲುಪುವುದೇ ಒಂದು ಫ್ರೇಮ್ ತಡ. ಆ ಸದ್ದು ನಂಬಿ ಜೋಡಿಸಿದರೆ ಹೆಜ್ಜೆ ತಾಳ ತಪ್ಪಿದಂತೆ ಕಂಡು, ದೂರು ಕಲಾವಿದರ ತಲೆಗೆ.

ಒಪ್ಪಿಗೆ ಪತ್ರಕ್ಕೆ ಮೇಳದ ಯಜಮಾನರ ಸಹಿ ಒಂದೇ ಸಾಲದು. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಂ ಪ್ರದರ್ಶನದ ಹಕ್ಕನ್ನು ಕಲಾವಿದರಿಗೇ ಕೊಟ್ಟಿದೆ, 50 ವರ್ಷದ ಮಟ್ಟಿಗೆ. 2012ರ ತಿದ್ದುಪಡಿಯ ನಂತರ, ಚಿತ್ರಕ್ಕೆ ಬರೆದು ಒಪ್ಪಿದವರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕುಂಟು. ಹಾಗಾಗಿ ಭಾಗವತರಿಂದ ಹಿಡಿದು ಹಾಸ್ಯಗಾರರವರೆಗೆ ಒಬ್ಬೊಬ್ಬರದೂ ಸಹಿ ಬೇಕು, ಅದೂ ಹಿಂದಿನ ದಿನವೇ. ಚೌಕಿಯಲ್ಲಿ ಬಣ್ಣ ಹಚ್ಚಲು ಕೂತವರ ಮುಂದೆ ಕಾಗದ ಹಿಡಿದು ನಿಲ್ಲಬೇಡಿ.